‘ಐ ಆಮ್ ನೋಯಿಂಗ್’ ಹುಟ್ಟುವುದು ಎಲ್ಲಿ?

‘ಐ ಆಮ್ ಬಿಲಾಂಗಿಂಗ್ ಟು ರಾಜಘಟ್ಟ ವಿಲೇಜ್.’ ‘ಐ ಆಮ್ ಹ್ಯಾವಿಂಗ್ ಟೂ ಇಯರ್ಸ್ ಎಕ್ಸ್‌ಪೀರಿಯನ್ಸ್.’ ‘ಐ ಆಮ್ ನೋಯಿಂಗ್ ಟ್ಯಾಲಿ.’ ‘ಸಾರಿ ಸರ್, ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್.’

ಕೆಲಸದ ಸಂದರ್ಶನಗಳಲ್ಲಿ ಇಂಥ ವಾಕ್ಯಗಳು ಆಗಾಗ ಕೇಳಿಬರುತ್ತವೆ. ನಾಲ್ಕರಲ್ಲೂ ವಿಷಯ ಸ್ಪಷ್ಟವಾಗಿದೆ: ಊರು ಯಾವುದು, ಅನುಭವ ಎಷ್ಟು, ಏನು ಬರುತ್ತದೆ, ಏನು ತಿಳಿಯಲಿಲ್ಲ. ಆದರೂ ಮೇಜಿನ ಆಚೆ ಕುಳಿತವರ ಮುಖದಲ್ಲಿ ಸಣ್ಣ ನಗೆ ಸುಳಿಯುತ್ತದೆ. ಇಂಗ್ಲಿಷ್ ವ್ಯಾಕರಣದ ಪುಸ್ತಕದ ಪ್ರಕಾರ ನಾಲ್ಕೂ ತಪ್ಪು, ನಾಲ್ಕಕ್ಕೂ ಕಾರಣ ಒಂದೇ. ಕೆಲವು ಕ್ರಿಯಾಪದಗಳಿಗೆ ಇಂಗ್ಲಿಷಿನಲ್ಲಿ ‘ಇಂಗ್’ ಹಚ್ಚುವಂತಿಲ್ಲ.

ರಾಜಘಟ್ಟ ಇರುವುದು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ. ರಾಗಿ ಹೊಲ, ದ್ರಾಕ್ಷಿ ತೋಟಗಳ ಸೀಮೆ ಅದು. ತಾಲ್ಲೂಕು ಕೇಂದ್ರಕ್ಕೆ ಹೋದರೆ ವಿದ್ಯುತ್ ಮಗ್ಗಗಳ ಸದ್ದು, ಅದರಾಚೆಗೆ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶ ಮತ್ತು ಅಪೆರಲ್ ಪಾರ್ಕ್. ಪಕ್ಕದ ತಾಲ್ಲೂಕಿನಲ್ಲಿ 2008ರಲ್ಲಿ ಶುರುವಾದ ದೇವನಹಳ್ಳಿಯ ವಿಮಾನ ನಿಲ್ದಾಣ. ಮಗ್ಗಕ್ಕೂ ಹೊಲಕ್ಕೂ ಬೇಕಿರದಿದ್ದ ಇಂಗ್ಲಿಷ್ ಈ ಹೊಸ ಕೆಲಸಗಳಿಗೆ ಬೇಕಾಯಿತು. ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಆರಂಭಿಸಿದ್ದು 2007-08ರಲ್ಲಿ. ಆ ವರ್ಷ ಶಾಲೆಗೆ ಸೇರಿದ ಮಕ್ಕಳು ಈಗ ಇಪ್ಪತ್ತು ದಾಟಿ ಕೆಲಸದ ಬಾಗಿಲಲ್ಲಿ ನಿಂತಿದ್ದಾರೆ.

ಇವರ ‘ಇಂಗ್’ ಪ್ರೀತಿಗೆ ಸಿಗುವ ಸಿದ್ಧ ವಿವರಣೆ ಒಂದಿದೆ: ‘ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳುತ್ತಾರೆ, ಅದಕ್ಕೇ ಹೀಗೆ.’ ಆ ನಾಲ್ಕು ವಾಕ್ಯಗಳನ್ನು ಒಂದೊಂದಾಗಿ ಹಿಡಿದು ನೋಡಿದರೆ ಈ ವಿವರಣೆ ಅರ್ಧಕ್ಕೇ ನಿಲ್ಲುತ್ತದೆ. ಕನ್ನಡ ಕೆಲವು ಕಡೆ ಆರೋಪಿ, ಕೆಲವು ಕಡೆ ಪೂರ್ತಿ ನಿರಪರಾಧಿ.

ಪಟ್ಟಿಯಲ್ಲಿ ಯಾರು ಯಾರು?

ಮೊದಲು ಇಂಗ್ಲಿಷಿನ ನಿಯಮ ಏನೆಂದು ನೋಡೋಣ. 1930ರ ದಶಕದಿಂದ ಭಾರತದ ಶಾಲೆಗಳನ್ನು ಆಳಿದ ರೆನ್ ಮತ್ತು ಮಾರ್ಟಿನ್ ವ್ಯಾಕರಣವಾಗಲಿ, 1960ರಲ್ಲಿ ಬಂದ ಥಾಮ್ಸನ್ ಮತ್ತು ಮಾರ್ಟಿನೆಟ್ ವ್ಯಾಕರಣವಾಗಲಿ, ಇಂಥ ಕ್ರಿಯಾಪದಗಳ ಪಟ್ಟಿಯನ್ನೇ ಕೊಡುತ್ತವೆ. ತನ್ನಷ್ಟಕ್ಕೆ ಆಗುವ ನೋಟ, ಕೇಳ್ಮೆ, ವಾಸನೆಗಳದು ಒಂದು ಗುಂಪು: ಸೀ, ಹಿಯರ್, ಸ್ಮೆಲ್. ಮನಸ್ಸಿನ ಒಲವುಗಳದು ಇನ್ನೊಂದು: ಲೈಕ್, ಲವ್, ಹೇಟ್, ವಾಂಟ್. ತಿಳಿವಿನದು ಮೂರನೆಯದು: ನೋ, ಬಿಲೀವ್, ಅಂಡರ್‌ಸ್ಟ್ಯಾಂಡ್, ರಿಮೆಂಬರ್. ಒಡೆತನದ್ದು ನಾಲ್ಕನೆಯದು: ಹ್ಯಾವ್, ಓನ್, ಬಿಲಾಂಗ್, ಕಂಟೇನ್.

ಇವೆಲ್ಲ ಸ್ಥಿತಿಯನ್ನು ಹೇಳುತ್ತವೆ, ಕೆಲಸವನ್ನಲ್ಲ ಎಂಬುದು ನಿಯಮದ ಹಿಂದಿನ ತರ್ಕ. ಓಟಕ್ಕೆ ಶುರು, ನಡು, ಕೊನೆ ಇದೆ. ‘ಗೊತ್ತಿರುವುದಕ್ಕೆ’ ಅಂಥ ನಡು ಇಲ್ಲ, ಗೊತ್ತಿದ್ದರೆ ಗೊತ್ತಿದೆ, ಅಷ್ಟೇ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲಿಸಿದ ದಾರ್ಶನಿಕ ಜೀನೊ ವೆಂಡ್ಲರ್ 1957ರಲ್ಲಿ ಬರೆದ ಪ್ರಬಂಧವೊಂದು ಈ ವಿಚಾರವನ್ನು ಭಾಷಾವಿಜ್ಞಾನದ ನಡುಮನೆಗೆ ತಂದಿತು. ಅವರು ಕ್ರಿಯಾಪದಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸ್ಥಿತಿ, ಸುಮ್ಮನೆ ಸಾಗುವ ಕೆಲಸ, ಗುರಿಮುಟ್ಟಿ ಮುಗಿಯುವ ಕೆಲಸ, ಒಂದು ಕ್ಷಣದಲ್ಲಿ ಆಗಿಹೋಗುವ ಘಟನೆ. ‘ಏನು ಮಾಡುತ್ತಿದ್ದೀಯ?’ ಎಂಬ ಪ್ರಶ್ನೆಗೆ ‘ಓಡುತ್ತಿದ್ದೇನೆ’ ಎಂಬ ಉತ್ತರ ಹೊಂದುತ್ತದೆ, ‘ತಿಳಿದಿದ್ದೇನೆ’ ಎಂಬ ಉತ್ತರ ಹೊಂದುವುದಿಲ್ಲ.

ಆದರೆ ಪಟ್ಟಿಯಲ್ಲಿ ಇರುವವರೆಲ್ಲ ಸದಾ ಅಲ್ಲೇ ಇರುವುದಿಲ್ಲ. ‘ಹ್ಯಾವ್’ ಎಂದರೆ ಇಟ್ಟುಕೊಂಡಿರುವುದಾದಾಗ ‘ಇಂಗ್’ ಬೇಡ. ಊಟ ಮಾಡುವುದಾದಾಗ ‘ಹ್ಯಾವಿಂಗ್ ಲಂಚ್’ ಸೊಗಸಾಗಿಯೇ ಇದೆ. ‘ಸೀ’ ಎಂದರೆ ಕಣ್ಣಿಗೆ ಬೀಳುವುದಾದಾಗ ಬೇಡ, ಡಾಕ್ಟರನ್ನು ಭೇಟಿಯಾಗುವುದಾದಾಗ ‘ಸೀಯಿಂಗ್’ ಸರಿ. ‘ಥಿಂಕ್’ ಅಭಿಪ್ರಾಯವಾದಾಗ ಸ್ಥಿತಿ, ತಲೆ ಕೆಡಿಸಿಕೊಂಡು ಯೋಚಿಸುವಾಗ ಕೆಲಸ. ‘ಹಿ ಈಸ್ ರೂಡ್’ ಎಂದರೆ ಅವನ ಸ್ವಭಾವವೇ ಒರಟು. ‘ಹಿ ಈಸ್ ಬೀಯಿಂಗ್ ರೂಡ್’ ಎಂದರೆ ಸದ್ಯಕ್ಕೆ ಒರಟಾಗಿ ಆಡುತ್ತಿದ್ದಾನೆ. ಒಂದೇ ಪದ ಅರ್ಥ ಬದಲಾದರೆ ಗೆರೆ ದಾಟುತ್ತದೆ. ಪಟ್ಟಿ ಉರುಹೊಡೆದರೆ ಸಾಲದು ಎನ್ನುವುದು ಅದಕ್ಕೇ.

ಕುಂತವ್ನೆ, ಮಾಡ್ತಾವ್ನೆ

ಈಗ ಕನ್ನಡಕ್ಕೆ ಬರೋಣ. ರಾಜಘಟ್ಟದ ಕಡೆ ಆಡುಮಾತಿನಲ್ಲಿ ‘ಇದ್ದಾನೆ’ ಎಂಬುದು ‘ಅವ್ನೆ’ ಆಗುತ್ತದೆ, ‘ಇದೆ’ ಎಂಬುದು ‘ಐತೆ’. ‘ಏನ್ ಮಾಡ್ತಾವ್ನೆ?’ ಎಂದು ಕೇಳಿದರೆ ‘ಉಣ್ತಾವ್ನೆ’ ಎಂದೋ ‘ಹೊಲ ಉಳ್ತಾವ್ನೆ’ ಎಂದೋ ಉತ್ತರ ಬರುತ್ತದೆ. ಪುಸ್ತಕದ ಕನ್ನಡದಲ್ಲಿ ಬೆಸೆದುಹೋದ ಕಟ್ಟಡ ಇಲ್ಲಿ ಬಿಡಿಯಾಗಿ ಕಾಣುತ್ತದೆ: ‘ಮಾಡ್ತಾ’ ಮತ್ತು ‘ಅವ್ನೆ’. ನಡೆಯುತ್ತಿರುವ ಕೆಲಸವನ್ನು ಹೇಳಲು ಕನ್ನಡ ‘ಇರು’ ಎಂಬ ಸ್ಥಿತಿಯ ಪದವನ್ನೇ ಕರೆತರುತ್ತದೆ.

ಅದೇ ‘ಅವ್ನೆ’ ಇನ್ನೊಂದು ಕಡೆಯೂ ಕೆಲಸಕ್ಕೆ ಬರುತ್ತದೆ. ‘ಕಟ್ಟೆ ಮೇಲೆ ಕುಂತವ್ನೆ.’ ‘ಬಾಗಿಲಲ್ಲಿ ನಿಂತವ್ನೆ.’ ‘ಹೊಸ ಶರ್ಟು ಹಾಕ್ಕಂಡವ್ನೆ.’ ಇಲ್ಲಿ ‘ಮಾಡ್ತಾ’ ಮಾದರಿ ಇಲ್ಲ, ‘ಮಾಡಿ’ ಮಾದರಿ ಇದೆ: ಕುಳಿತು ಇದ್ದಾನೆ, ನಿಂತು ಇದ್ದಾನೆ, ಹಾಕಿಕೊಂಡು ಇದ್ದಾನೆ. ಕೂರುವ ಕೆಲಸ ಮುಗಿದಿದೆ, ಕೂತಿರುವ ಸ್ಥಿತಿ ಉಳಿದಿದೆ ಎಂಬುದು ಕನ್ನಡದ ಲೆಕ್ಕ. ಇಂಗ್ಲಿಷ್ ಇವನ್ನೆಲ್ಲ ನಡೆಯುತ್ತಿರುವ ಕೆಲಸವೆಂದೇ ಎಣಿಸಿ ‘ಸಿಟ್ಟಿಂಗ್’, ‘ಸ್ಟ್ಯಾಂಡಿಂಗ್’, ‘ವೇರಿಂಗ್’ ಎನ್ನುತ್ತದೆ. ಬೆಂಗಳೂರಿಗೆ ಬಂದು ಕನ್ನಡ ಕಲಿಯುವ ಹೊರಗಿನವರು ಕುರ್ಚಿಯಲ್ಲಿ ಆರಾಮವಾಗಿ ಕೂತು ‘ನಾನು ಕುಳಿತುಕೊಳ್ಳುತ್ತಿದ್ದೇನೆ’ ಎಂದು ಫೋನಿನಲ್ಲಿ ಹೇಳಿದರೆ, ಕೇಳಿದ ಕನ್ನಡಿಗನಿಗೆ ಅವರು ಇನ್ನೂ ಅರ್ಧಕ್ಕೆ ಬಗ್ಗಿದ್ದಾರೇನೋ ಅನಿಸುತ್ತದೆ. ‘ನೋಯಿಂಗ್’ ಕೇಳಿ ಇಂಗ್ಲಿಷಿನವರಿಗೆ ಆಗುವ ಮುಜುಗರ ಇದೇ ಜಾತಿಯದು, ದಿಕ್ಕು ಮಾತ್ರ ತಿರುಗುಮುರುಗು.

ಕನ್ನಡಕ್ಕೂ ತನ್ನದೇ ಆದ ನಿಷೇಧದ ಪಟ್ಟಿ ಇದೆ ಎಂಬುದು ಶಾಲೆಯಲ್ಲಿ ಯಾರೂ ಎತ್ತಿ ಹೇಳದ ಸಂಗತಿ. ‘ಬೇಕು’ ಪದಕ್ಕೆ ‘ಬೇಕುತ್ತಿದೆ’ ಇಲ್ಲ. ‘ಸಾಕು’, ‘ಬೇಡ’, ‘ಉಂಟು’, ‘ಅಲ್ಲ’ ಇವುಗಳಿಗೂ ಅಂಥ ರೂಪವಿಲ್ಲ. ‘ಬಲ್ಲೆ’ ಎನ್ನಬಹುದು, ‘ಬಲ್ಲುತ್ತಿದ್ದೇನೆ’ ಎಂದರೆ ಮೂರು ವರ್ಷದ ಮಗುವೂ ನಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ‘ಗೊತ್ತು’. ‘ಏನ್ ಮಾಡ್ತಾವ್ನೆ?’ ಎಂಬ ಪ್ರಶ್ನೆಗೆ ‘ಗೊತ್ತವ್ನೆ’ ಎಂಬ ಉತ್ತರ ಭೂಮಿಯ ಮೇಲಿಲ್ಲ. ವೆಂಡ್ಲರ್ ಇಂಗ್ಲಿಷಿಗೆ ಒಡ್ಡಿದ ಪರೀಕ್ಷೆಯಲ್ಲಿ ಕನ್ನಡದ ‘ಗೊತ್ತು’ ಇಂಗ್ಲಿಷಿನ ‘ನೋ’ಗಿಂತ ಬಿಗಿಯಾಗಿಯೇ ನಿಲ್ಲುತ್ತದೆ.

ಈ ಸೀಮೆಯಲ್ಲಿ ಮನೆಮಾತು ತೆಲುಗು ಆದವರು ಬಹಳ, ದಖ್ಖನಿ ಉರ್ದು ಆಡುವವರೂ ಇದ್ದಾರೆ. ಅಲ್ಲೂ ಕತೆ ಅದೇ. ತೆಲುಗಿನ ‘ನಾಕು ತೆಲುಸು’ಗೆ ಸಾಗುವ ರೂಪವಿಲ್ಲ. ‘ಮೇರೇಕು ಮಾಲೂಮ್’ ಎಂಬಲ್ಲೂ ತಿಳಿವು ಒಂದು ಕೆಲಸವಲ್ಲ, ‘ನನಗೆ’ ಇರುವ ಒಂದು ಸಂಗತಿ. ಮೂರು ಭಾಷೆಗಳಲ್ಲೂ ತಿಳಿದವನು ‘ನಾನು’ ಅಲ್ಲ, ‘ನನಗೆ’.

ಹಾಗಾದರೆ ‘ಐ ಆಮ್ ನೋಯಿಂಗ್ ಟ್ಯಾಲಿ’ ಕನ್ನಡದಿಂದ ಬಂದದ್ದಲ್ಲ. ‘ನಂಗೆ ಟ್ಯಾಲಿ ಗೊತ್ತು’, ‘ನಂಗೆ ಟ್ಯಾಲಿ ಬರುತ್ತೆ’ ಎಂಬ ವಾಕ್ಯಗಳಲ್ಲಿ ‘ಇಂಗ್’ ಹುಟ್ಟಿಸುವ ಬೀಜವೇ ಇಲ್ಲ. ‘ಬಿಲಾಂಗಿಂಗ್’ ಕೂಡ ಹಾಗೆಯೇ. ‘ನಮ್ದು ರಾಜಘಟ್ಟ’ ಎನ್ನುವಾಗ ಕನ್ನಡಕ್ಕೆ ಕ್ರಿಯಾಪದವೇ ಬೇಕಿಲ್ಲ.

ಕರಿಹಲಗೆಯ ಹನ್ನೆರಡು ಮನೆ

ಇವೆರಡರ ಹುಟ್ಟೂರು ತರಗತಿ. ಇಂಗ್ಲಿಷ್ ಕಾಲಗಳನ್ನು ನಮ್ಮಲ್ಲಿ ಕಲಿಸುವುದು ಒಂದು ಕೋಷ್ಟಕದ ಮೂಲಕ: ಮೂರು ಕಾಲ, ನಾಲ್ಕು ರೂಪ, ಒಟ್ಟು ಹನ್ನೆರಡು ಮನೆ. ಒಂದು ಕ್ರಿಯಾಪದ ಕೊಟ್ಟು ಹನ್ನೆರಡೂ ಮನೆ ತುಂಬಲು ಹೇಳುವುದು ಹಳೆಯ ಅಭ್ಯಾಸ. ‘ಗೋ’, ‘ರೈಟ್’, ‘ಪ್ಲೇ’ ಕೊಟ್ಟರೆ ತೊಂದರೆಯಿಲ್ಲ. ‘ನೋ’ ಕೊಟ್ಟರೂ ಮಗು ಶ್ರದ್ಧೆಯಿಂದ ‘ಐ ಆಮ್ ನೋಯಿಂಗ್’ನಿಂದ ‘ಐ ಹ್ಯಾಡ್ ಬೀನ್ ನೋಯಿಂಗ್’ವರೆಗೆ ಬರೆದು ಮುಗಿಸುತ್ತದೆ. ಕೆಲವು ಮನೆಗಳು ಖಾಲಿ ಇರಬೇಕು ಎಂದು ಕೋಷ್ಟಕ ಎಲ್ಲೂ ಹೇಳುವುದಿಲ್ಲ.

ಇದಕ್ಕೆ ಇನ್ನೊಂದು ಸೇರಿಕೊಂಡಿತು. 1950–60ರ ದಶಕಗಳಲ್ಲಿ ದಕ್ಷಿಣ ಭಾರತದ ಶಾಲೆಗಳಿಗೆ ‘ಸ್ಟ್ರಕ್ಚರಲ್’ ಪದ್ಧತಿ ಬಂತು. ವಾಕ್ಯದ ಅಚ್ಚುಗಳನ್ನು ಒಂದೊಂದಾಗಿ, ಮಾಡಿ ತೋರಿಸುತ್ತ ಕಲಿಸುವ ವಿಧಾನ ಅದು. ಮೇಷ್ಟ್ರು ಬೋರ್ಡಿನ ಕಡೆ ನಡೆಯುತ್ತ ‘ಐ ಆಮ್ ವಾಕಿಂಗ್ ಟು ದ ಬೋರ್ಡ್’ ಎನ್ನಬಹುದು, ಕಿಟಕಿ ತೆರೆಯುತ್ತ ‘ಐ ಆಮ್ ಓಪನಿಂಗ್ ದ ವಿಂಡೋ’ ಎನ್ನಬಹುದು. ಕಣ್ಣೆದುರು ನಡೆಯುವ ಕೆಲಸಕ್ಕೆ ‘ಇಂಗ್’ ರೂಪ ಒಗ್ಗುವುದರಿಂದ ಅದು ಮೊದಮೊದಲ ಪಾಠಗಳಲ್ಲೇ ಬಂದು ಕೂತಿತು. ತಿಳಿದಿರುವುದನ್ನು, ಇಷ್ಟಪಡುವುದನ್ನು ನಡೆದು ತೋರಿಸಲು ಯಾವ ಮೇಷ್ಟ್ರಿಂದಲೂ ಆಗದು. ಮೊದಲು ಕಲಿತ ಅಚ್ಚು ಬಾಯಲ್ಲಿ ಗಟ್ಟಿಯಾಗಿ ಉಳಿಯಿತು. ಆ ಪದ್ಧತಿ ಹಿಂದೆ ಸರಿದರೂ ಅದರಲ್ಲಿ ಪಳಗಿದವರೇ ಮುಂದಿನವರಿಗೆ ಕಲಿಸಿದರು.

ಮೂರನೆಯ ಕಾರಣ ಕನ್ನಡ ವ್ಯಾಕರಣದ ಪುಸ್ತಕದಲ್ಲೇ ಅಡಗಿದೆ. ಶಾಲೆಯ ಪಾಠದಲ್ಲಿ ‘ಮಾಡುತ್ತಾನೆ’ ವರ್ತಮಾನ, ‘ಮಾಡುವನು’ ಭವಿಷ್ಯತ್. ಬಾಯಿಮಾತಿನಲ್ಲಿ ‘ಮಾಡುವನು’ ಎನ್ನುವವರು ಯಾರು? ‘ನಾಳೆ ಬರ್ತೀನಿ’, ‘ಸಂಜೆ ಕೊಡ್ತೀನಿ’ ಎಂದು ‘ವರ್ತಮಾನ’ದ ರೂಪವನ್ನೇ ನಾಳೆಗೂ ಬಳಸುತ್ತೇವೆ. ಕನ್ನಡದಲ್ಲಿ ಇರುವುದು ಆಗಿಹೋದದ್ದು ಮತ್ತು ಆಗಿಲ್ಲದ್ದು ಎಂಬ ಎರಡೇ ಬಗೆ ಎಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ಇದರ ಪರಿಣಾಮ ಇಂಗ್ಲಿಷ್ ಕಲಿಯುವ ಮಗುವಿನ ಮೇಲೆ ಆಗುತ್ತದೆ. ‘ಐ ಗೋ’ ಎಂದರೆ ‘ಹೋಗ್ತೀನಿ’ ಎಂದು ಕಲಿತ ಮಗುವಿನ ಕಿವಿಗೆ ಅದು ನಾಳೆಯ ಮಾತಿನಂತೆ ಕೇಳುತ್ತದೆ. ‘ಈಗ’ ಎಂಬುದನ್ನು ಹೇಳಬೇಕಾದಾಗಲೆಲ್ಲ ಅದರ ಕೈ ‘ಇಂಗ್’ ಕಡೆಗೇ ಹೋಗುತ್ತದೆ.

‘ಹ್ಯಾವಿಂಗ್’ಗೂ ಅದೇ ಗಾಳಿ ತಗುಲಿದೆ. ‘ನಂಗೆ ಇಬ್ಬರು ಮಕ್ಕಳಿದ್ದಾರೆ’ ಎಂಬುದರಲ್ಲಿರುವ ‘ಇದ್ದಾರೆ’, ‘ಮಾಡುತ್ತಿದ್ದಾರೆ’ ಎಂಬುದರಲ್ಲಿ ಬಾಲವಾಗಿರುವ ‘ಇದ್ದಾರೆ’, ಎರಡೂ ಒಂದೇ. ಎರಡನೆಯದಕ್ಕೆ ‘ಆರ್ ಡೂಯಿಂಗ್’ ಎಂದು ಕಲಿತವರು ಮೊದಲನೆಯದಕ್ಕೆ ‘ಆಮ್ ಹ್ಯಾವಿಂಗ್’ ಎಂದರೆ ಅದರಲ್ಲೊಂದು ಲೆಕ್ಕಾಚಾರವಿದೆ. ಲೆಕ್ಕ ತಪ್ಪು, ದಾರಿ ತಪ್ಪಲ್ಲ.

ಅರ್ಥ ಆಗಲ್ಲ, ಅರ್ಥ ಆಗ್ತಿಲ್ಲ

ಕನ್ನಡವೇ ನೇರ ಆರೋಪಿಯಾಗುವುದು ನಾಲ್ಕನೆಯ ವಾಕ್ಯದಲ್ಲಿ, ‘ನಾಟ್ ಅಂಡರ್‌ಸ್ಟ್ಯಾಂಡಿಂಗ್’ನಲ್ಲಿ.

ಕನ್ನಡ ‘ಆಗು’ ಎಂಬ ಒಂದು ಪದ ಸೇರಿಸಿ ಯಾವ ಸ್ಥಿತಿಯನ್ನಾದರೂ ಹರಿಯಲು ಬಿಡುತ್ತದೆ. ಗೊತ್ತು ಎಂಬುದು ಗೊತ್ತಾಗ್ತಿದೆ ಆಗುತ್ತದೆ, ನೆನಪು ಎಂಬುದು ನೆನಪಾಗ್ತಿಲ್ಲ ಆಗುತ್ತದೆ, ಇಷ್ಟ ಎಂಬುದು ಇಷ್ಟ ಆಗ್ತಿದೆ ಆಗುತ್ತದೆ. ಚಳಿ, ಹಸಿವು, ಬಾಯಾರಿಕೆ, ನೋವು ಎಲ್ಲಕ್ಕೂ ಇದೇ ದಾರಿ. ಜತೆಗೆ ಕಾಣಿಸು, ಕೇಳಿಸು, ಅನಿಸು ಎಂಬ ಪದಗಳಿವೆ. ಇವು ತಾವಾಗಿಯೇ ಸಾಗುವ ರೂಪ ಪಡೆಯುತ್ತವೆ. ಹಳ್ಳಿಯ ಅಂಚಿನಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ‘ಕೇಳಿಸ್ತಿಲ್ಲ, ಕೇಳಿಸ್ತಿಲ್ಲ’ ಎನ್ನುವ ಬಾಯಿ ಆಫೀಸಿನ ಕರೆಯಲ್ಲಿ ‘ಐ ಆಮ್ ನಾಟ್ ಹಿಯರಿಂಗ್ ಯೂ’ ಎನ್ನುವುದು ಸಹಜ. ಇಂಗ್ಲಿಷಿನಲ್ಲಿ ಅಲ್ಲಿ ಬೇಕಿರುವುದು ‘ಐ ಕಾಂಟ್ ಹಿಯರ್ ಯೂ’.

‘ಅರ್ಥ’ದ ಸಂಗತಿ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಮೂರು ಮಾತುಗಳಿವೆ. ‘ಅರ್ಥ ಆಗಿಲ್ಲ’ ಎಂದರೆ ಕೇಳಿದ್ದಾಯಿತು, ತಲೆಗೆ ಹೋಗಿಲ್ಲ. ‘ಅರ್ಥ ಆಗ್ತಿಲ್ಲ’ ಎಂದರೆ ಪ್ರಯತ್ನ ಪಡುತ್ತಿದ್ದೇನೆ, ಇನ್ನೂ ಸಿಗುತ್ತಿಲ್ಲ, ಇನ್ನೊಮ್ಮೆ ಹೇಳಿ. ‘ಅರ್ಥ ಆಗಲ್ಲ’ ಎಂದರೆ ಅದು ನನ್ನಿಂದಾಗದ ಮಾತು, ಬಿಟ್ಟುಬಿಡಿ. ಶಾಲೆಯಲ್ಲಿ ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’ ಎಂಬುದನ್ನು ‘ನಂಗೆ ಅರ್ಥ ಆಗಲ್ಲ’ ಎಂದು ಕಲಿತವರಿಗೆ ಅದರಲ್ಲಿ ಕೈಚೆಲ್ಲಿದ ಧ್ವನಿ ಕೇಳುತ್ತದೆ, ಸ್ವಲ್ಪ ಒರಟುತನವೂ ಕೇಳುತ್ತದೆ. ದೊಡ್ಡವರ ಮುಂದೆ, ಅದರಲ್ಲೂ ಕೆಲಸ ಕೊಡುವವರ ಮುಂದೆ ಹಾಗೆ ಅನ್ನುವುದು ಹೇಗೆ? ‘ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಎಂಬಲ್ಲಿ ಇರುವುದು ವಿನಯ. ಇಂಗ್ಲಿಷ್ ಕಿವಿಗೆ ಆ ವಿನಯ ತಲುಪುವುದಿಲ್ಲ, ತಪ್ಪು ಮಾತ್ರ ತಲುಪುತ್ತದೆ.

‘ಈಗ ಗೊತ್ತಾಗ್ತಿದೆ’ ಎನ್ನುವುದೂ ಇಂಥದ್ದೇ. ಇದು ಗೊತ್ತಿರುವ ಸ್ಥಿತಿಯಲ್ಲ, ತಿಳಿವು ಮೂಡುತ್ತಿರುವ ಹೊತ್ತು. ಇಂಗ್ಲಿಷ್ ಅದಕ್ಕೆ ‘ನೋ’ ಬಿಟ್ಟು ‘ರಿಯಲೈಸ್’ ಮುಂತಾದ ಬೇರೆ ಪದ ಹಿಡಿಯುತ್ತದೆ. ಕನ್ನಡಕ್ಕೆ ‘ಆಗು’ ಒಂದೇ ಸಾಕು.

ಇಂಗ್ಲಿಷ್ ಕೂಡ ನಿಂತಲ್ಲಿ ನಿಂತಿಲ್ಲ

ಕೆಲಸ ಮತ್ತು ಸ್ಥಿತಿಗಳ ನಡುವೆ ಇಂಥ ಗೆರೆ ಎಲ್ಲ ಭಾಷೆಗಳೂ ಎಳೆಯಲೇಬೇಕೆಂದಿಲ್ಲ. ಇದಕ್ಕೆ ಉದಾಹರಣೆಯ ಎಳೆ ರಾಜಘಟ್ಟದಲ್ಲೇ ಸಿಗುತ್ತದೆ. ಅಲ್ಲಿ ಮೈಸೂರು ವಿಶ್ವವಿದ್ಯಾಲಯ ನಡೆಸಿದ ಉತ್ಖನನದಲ್ಲಿ ಬೌದ್ಧ ಚೈತ್ಯ ಮತ್ತು ವಿಹಾರದ ಅವಶೇಷಗಳೂ ಜೇಡಿಮಣ್ಣಿನ ಪುಟ್ಟ ಹರಕೆ ಸ್ತೂಪಗಳೂ ಸಿಕ್ಕಿವೆ. ಬೌದ್ಧ ಶಾಸ್ತ್ರಗಳು ಹರಿದುಬಂದ ಸಂಸ್ಕೃತ, ಪ್ರಾಕೃತಗಳಲ್ಲಿ ‘ಮಾಡುತ್ತೇನೆ’, ‘ಮಾಡುತ್ತಿದ್ದೇನೆ’ ಎಂದು ಕಡ್ಡಾಯವಾಗಿ ಬೇರೆ ಮಾಡುವ ಗೊಡವೆ ಇಲ್ಲ. ‘ಕರೋಮಿ’ ಎಂದರೆ ಎರಡೂ ಆಯಿತು. ಇಂದಿನ ಜರ್ಮನ್ ಭಾಷೆಯೂ ಹಾಗೆಯೇ ಒಂದೇ ರೂಪದಲ್ಲಿ ಕೆಲಸ ಸಾಗಿಸುತ್ತದೆ.

ಇಂಗ್ಲಿಷಿನಲ್ಲಿಯೇ ಈ ಬಿಗಿ ನಿಯಮ ಅಷ್ಟೇನೂ ಹಳೆಯದಲ್ಲ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿ ಪುಸ್ತಕ ಹಿಡಿದು ಬರುವ ರಾಜಕುಮಾರನನ್ನು ಪೊಲೋನಿಯಸ್ ಏನು ಓದುತ್ತಿದ್ದೀರಿ ಎಂದು ಕೇಳುವಾಗ ಬಳಸುವುದು ಸಾದಾ ವರ್ತಮಾನ. ಇಂದು ಅದೇ ಪ್ರಶ್ನೆಗೆ ‘ರೀಡಿಂಗ್’ ಇಲ್ಲದೆ ಆಗದು. ‘ಇಂಗ್’ ರೂಪದ ಬಳಕೆ ದೊಡ್ಡ ಪ್ರಮಾಣದಲ್ಲಿ ಏರಿದ್ದು 18 ಮತ್ತು 19ನೇ ಶತಮಾನಗಳಲ್ಲಿ. ‘ಮನೆ ಕಟ್ಟಲಾಗುತ್ತಿದೆ’ ಎಂಬ ಅರ್ಥದ ‘ಈಸ್ ಬೀಯಿಂಗ್ ಬಿಲ್ಟ್’ ಹುಟ್ಟಿದ್ದು 18ನೇ ಶತಮಾನದ ಕೊನೆಗೆ. ಮುಂದಿನ ಶತಮಾನದ ವ್ಯಾಕರಣಕಾರರು ಅದನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಆಡು ಇಂಗ್ಲಿಷ್ ಪಟ್ಟಿಯ ಪದಗಳಿಗೆ ‘ಇಂಗ್’ ಹಚ್ಚುವುದರಲ್ಲಿ ಮೊದಲಿನಿಂದಲೂ ಧಾರಾಳಿ.

2003ರಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿ ‘ಐ ಆಮ್ ಲವಿನ್ ಇಟ್’ ಎಂಬ ಘೋಷವಾಕ್ಯ ತಂದಾಗ ವ್ಯಾಕರಣದ ಪಟ್ಟಿಯ ‘ಲವ್’ ಜಗತ್ತಿನ ಬೀದಿ ಬೀದಿಯಲ್ಲಿ ‘ಇಂಗ್’ ತೊಟ್ಟು ನಿಂತಿತು. ಆ ಪ್ರಚಾರ ಶುರುವಾದದ್ದು ಜರ್ಮನಿಯ ಮ್ಯೂನಿಕ್ ನಗರದಲ್ಲಿ. ಅಲ್ಲಿನ ಭಾಷೆಗೆ ಅಂಥ ರೂಪವೇ ಇಲ್ಲದ್ದರಿಂದ ಜರ್ಮನ್ ಘೋಷವಾಕ್ಯ ‘ಇಖ್ ಲೀಬೆ ಎಸ್’ ಎಂದು ಸಾದಾ ಆಯಿತು. ಇಂಗ್ಲಿಷಿನಲ್ಲಿ ಹುಬ್ಬೇರಿಸಿದ ಮಾತು ಜರ್ಮನಿಯಲ್ಲಿ ಯಾರ ಹುಬ್ಬನ್ನೂ ಏರಿಸಲಿಲ್ಲ.

ಭಾರತದಲ್ಲಿ ಮಾತ್ರ ಇದೇ ‘ಇಂಗ್’ ನಗೆಯ ವಸ್ತುವಾಯಿತು. ಮುಂಬೈಯ ಕವಿ ನಿಸ್ಸಿಮ್ ಎಜೆಕಿಯೆಲ್ ಅವರ ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ. ಎಸ್.’ ಕವಿತೆಯ ತಮಾಷೆ ಬಹುಪಾಲು ನಿಂತಿರುವುದು ಈ ರೂಪದ ಮೇಲೆ. ಜಾಹೀರಾತಿನಲ್ಲಿ ಚುರುಕು ಎನಿಸಿದ್ದು ಸಂದರ್ಶನದ ಕೋಣೆಯಲ್ಲಿ ಹಳ್ಳಿತನ ಎನಿಸುತ್ತದೆ. ವ್ಯಾಕರಣ ಎರಡು ಕಡೆಯೂ ಒಂದೇ, ಆಡುವವರು ಯಾರು ಎಂಬುದಷ್ಟೇ ಬೇರೆ.

ಹಾಗೆಂದು ಕೆಲಸ ಹುಡುಕುವವರಿಗೆ ಈ ಅನ್ಯಾಯದ ವಿವರಣೆಯಿಂದ ಹೊಟ್ಟೆ ತುಂಬದು. ಇಂಗ್ಲಿಷ್ ಪಾಠ ‘ಗೊತ್ತು’ವಿನಿಂದ ಶುರುವಾಗಬಹುದು. ‘ಗೊತ್ತವ್ನೆ’ ಅನ್ನುತ್ತೀರಾ ಎಂದು ಮೇಷ್ಟ್ರು ಕೇಳಿದರೆ ತರಗತಿ ನಗುತ್ತದೆ. ‘ನೋಯಿಂಗ್’ ಅಂಥದ್ದೇ ಎಂದು ಆಮೇಲೆ ಹೇಳಿದರೆ ಪಟ್ಟಿ ಉರುಹೊಡೆಯುವ ಕಷ್ಟ ಅರ್ಧ ಕಡಿಮೆಯಾಗುತ್ತದೆ. ‘ಕೇಳಿಸ್ತಿಲ್ಲ’, ‘ಕಾಣಿಸ್ತಿಲ್ಲ’, ‘ನೆನಪಾಗ್ತಿಲ್ಲ’ ಎಂಬವುಗಳಿಗೆ ಬೇರೆಯದೇ ಮದ್ದು ಬೇಕು: ಇವು ಮೂರಕ್ಕೂ ‘ಐ ಕಾಂಟ್’ ಎಂಬ ಅಚ್ಚು ಕೂರುತ್ತದೆ. ‘ಅರ್ಥ ಆಗ್ತಿಲ್ಲ’ ಎಂಬಲ್ಲಿನ ವಿನಯಕ್ಕೆ ‘ಸಾರಿ, ಕುಡ್ ಯೂ ಸೇ ದಟ್ ಅಗೇನ್?’ ಎಂಬ ಪ್ರಶ್ನೆ ಒದಗುತ್ತದೆ. ಪಟ್ಟಿಯ ಪದಗಳಲ್ಲಿ ಲವ್, ಫೀಲ್, ಹೋಪ್ ಈಗಾಗಲೇ ಸಡಿಲಗೊಂಡಿವೆ, ಅವುಗಳಿಗೆ ಹೆದರಬೇಕಿಲ್ಲ. ನೋ, ಓನ್, ಬಿಲಾಂಗ್, ಕಂಟೇನ್ ಮತ್ತು ಒಡೆತನದ ಅರ್ಥದ ಹ್ಯಾವ್ ಇಂದಿಗೂ ಜಗ್ಗಿಲ್ಲ. ಬಯೋಡೇಟಾ ಬರೆಯುವಾಗ, ಸಂದರ್ಶನಕ್ಕೆ ಹೊರಡುವಾಗ ಮೊದಲು ತಿದ್ದಿಕೊಳ್ಳಬೇಕಾದವು ಈ ಐದು.